ಯಾವ ಬ್ಯಾಂಡ್ ಪ್ರೋಗ್ರೆಸಿವ್ ರಾಕ್, ಯಾವುದು ಅಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೋಗ್ರೆಸಿವ್ ರಾಕ್ (ಚುಟುಕಾಗಿ ಪ್ರೋಗ್) ಕೇಳುವ ನಾಲ್ಕು ಮಂದಿ ಒಂದೆಡೆ ಕೂತರೆ ಸಂಗೀತಕ್ಕಿಂತ ಪಟ್ಟಿಯ ಮಾತೇ ಹೆಚ್ಚಾಗುತ್ತದೆ. ಯಾರು ಒಳಗೆ, ಯಾರು ಹೊರಗೆ, ಯಾರನ್ನು ಹೊಸ್ತಿಲಲ್ಲೇ ನಿಲ್ಲಿಸಬೇಕು ಎಂಬ ವಾದ ಐವತ್ತು ವರ್ಷಗಳಿಂದ ನಡೆದಿದೆ, ಇನ್ನೂ ಬಗೆಹರಿದಿಲ್ಲ. ಹೊಸದಾಗಿ ಕೇಳಲು ತೊಡಗಿದವರು ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇಸವಿಗಳಲ್ಲಿ ಪಕ್ಷಪಾತವಿಲ್ಲ. ತೀರ್ಪುಗಳಲ್ಲಿ ಧಾರಾಳವಾಗಿ ಇದೆ.

ಪ್ರೋಗ್ರೆಸಿವ್ ರಾಕ್ ಎಂದರೆ ಒಟ್ಟಾರೆ ಏನು?

1960ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಹುಟ್ಟಿದ ಸಂಗೀತ. ಅಲ್ಲಿಯವರೆಗೆ ರಾಕ್ ಹಾಡು ಎಂದರೆ ಮೂರ್ನಾಲ್ಕು ನಿಮಿಷ: ಚರಣ, ಪಲ್ಲವಿ, ಮತ್ತೆ ಚರಣ, ನಡುವೆ ಒಂದು ಗಿಟಾರ್ ಸೋಲೋ. ಅಮೆರಿಕದ ಬ್ಲೂಸ್ ಅದರ ಅಡಿಪಾಯ. ಚರ್ಚಿನ ಸ್ತೋತ್ರಗಳು, ಶಾಲೆಯ ವೃಂದಗಾನ, ಬಾಖ್, ಸ್ಟ್ರಾವಿನ್ಸ್ಕಿ, ಜಾಝ್ ಎಲ್ಲವನ್ನೂ ಕೇಳಿ ಬೆಳೆದಿದ್ದ ಒಂದಷ್ಟು ಹುಡುಗರಿಗೆ ಆ ಚೌಕಟ್ಟು ಸಾಲದಾಯಿತು. ಅವರು ರಾಕ್‌ನ ವಾದ್ಯಗಳನ್ನೇ ಹಿಡಿದು ಬೇರೆ ಬಗೆಯ ಕಟ್ಟಡ ಕಟ್ಟಿದರು. ಕಿಂಗ್ ಕ್ರಿಮ್ಸನ್, ಯೆಸ್, ಜೆನೆಸಿಸ್, ಎಮರ್ಸನ್ ಲೇಕ್ ಆ್ಯಂಡ್ ಪಾಮರ್, ಜೆಥ್ರೋ ಟಲ್, ವ್ಯಾನ್ ಡರ್ ಗ್ರಾಫ್ ಜನರೇಟರ್, ಜೆಂಟಲ್ ಜಯಂಟ್: ಈ ಏಳು ಹೆಸರುಗಳ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ. 1969ರಿಂದ 1975ರವರೆಗಿನ ಅವರ ಕೆಲಸವೇ ಈ ಪ್ರಕಾರದ ತಿರುಳು. ಜಗಳವೆಲ್ಲ ಅದರ ಆಚೆ ಈಚೆಯದು.

ಮೊದಲ ಪ್ರೋಗ್ ಆಲ್ಬಮ್ ಯಾವುದು?

1969ರ ಅಕ್ಟೋಬರ್‌ನಲ್ಲಿ ಬಂದ ಕಿಂಗ್ ಕ್ರಿಮ್ಸನ್‌ನ ‘ಇನ್ ದಿ ಕೋರ್ಟ್ ಆಫ್ ದಿ ಕ್ರಿಮ್ಸನ್ ಕಿಂಗ್’. ಅದಕ್ಕೂ ಮೊದಲೇ ದಾರಿ ಸವೆಸಿದವರಿದ್ದಾರೆ, ನಿಜ. ಮೂಡಿ ಬ್ಲೂಸ್ 1967ರಲ್ಲಿ ಆರ್ಕೆಸ್ಟ್ರಾ ಜೊತೆಗೂಡಿ ಒಂದು ದಿನದ ಬೆಳಗಿನಿಂದ ರಾತ್ರಿಯವರೆಗಿನ ಹಾಡುಗಳನ್ನು ಪೋಣಿಸಿತ್ತು. ಪ್ರೋಕಲ್ ಹ್ಯಾರಮ್ 1968ರಲ್ಲೇ ಹದಿನೇಳು ನಿಮಿಷಗಳ ಹಾಡುಗುಚ್ಛ ಮಾಡಿತ್ತು. ಕೀತ್ ಎಮರ್ಸನ್ ‘ದಿ ನೈಸ್’ ಬ್ಯಾಂಡ್‌ನಲ್ಲಿದ್ದಾಗಲೇ ಬಾಖ್‌ನನ್ನು ರಾಕ್ ವೇದಿಕೆಗೆ ಎಳೆದು ತಂದಿದ್ದ. ಆದರೆ ಮೂಡಿ ಬ್ಲೂಸ್ ಆಲ್ಬಮ್‌ನಲ್ಲಿ ಹಾಡು ಒಂದು ಕಡೆ, ಆರ್ಕೆಸ್ಟ್ರಾ ಇನ್ನೊಂದು ಕಡೆ ಇರುತ್ತವೆ. ಒಂದು ನಿಂತ ಮೇಲೆ ಇನ್ನೊಂದು ಬರುತ್ತದೆ.

ಕ್ರಿಮ್ಸನ್ ಆಲ್ಬಮ್‌ನ ಮೊದಲ ಹಾಡನ್ನು ಹಾಕಿ ನೋಡಿ. ಕರ್ಕಶವಾಗಿಸಿದ ಕಂಠ, ಸ್ಯಾಕ್ಸೋಫೋನ್ ಮತ್ತು ಗಿಟಾರ್ ಸೇರಿ ಊದುವ ದಪ್ಪನೆಯ ಸ್ವರಗುಚ್ಛ, ನಡುವೆ ಇಡೀ ತಂಡ ಒಟ್ಟಿಗೆ ಓಡಿ ಗಕ್ಕನೆ ನಿಂತು ಮತ್ತೆ ಓಡುವ ಭಾಗ. ಇಲ್ಲಿ ಜಾಝ್ ಯಾವುದು, ರಾಕ್ ಯಾವುದು ಎಂದು ಬಿಡಿಸಿ ತೆಗೆಯಲು ಆಗುವುದಿಲ್ಲ. ಅದೇ ವರ್ಷದ ಜುಲೈ 5ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಬರುವ ಮುಂಚೆ ನುಡಿಸಿದ ಬ್ಯಾಂಡ್‌ಗಳಲ್ಲಿ ಇದೂ ಒಂದು. ಆಗಿನ್ನೂ ಒಂದು ಆಲ್ಬಮ್ ಕೂಡ ಹೊರಬಂದಿರಲಿಲ್ಲ.

ಹಾಗಾದರೆ ಒಂದು ಬ್ಯಾಂಡ್ ಪ್ರೋಗ್ ಹೌದೋ ಅಲ್ಲವೋ ಎಂದು ಹೇಗೆ ತೀರ್ಮಾನಿಸುತ್ತೀರಿ?

ಎರಡು ಮಾತು. ಒಂದು, ಹಾಡನ್ನು ಹೇಗೆ ಕಟ್ಟಿದ್ದಾರೆ ಎಂದು ನೋಡಿ, ಯಾವ ಬಟ್ಟೆ ತೊಡಿಸಿದ್ದಾರೆ ಎಂದಲ್ಲ. ಎರಡು, ತೀರ್ಪನ್ನು ಬ್ಯಾಂಡ್‌ಗೆ ಕೊಡಬೇಡಿ, ಆಲ್ಬಮ್‌ಗೆ ಕೊಡಿ.

ಮೊದಲನೆಯದಕ್ಕೆ ನನ್ನದೊಂದು ಒರಟು ಪರೀಕ್ಷೆ ಇದೆ: ಹಾಡಿನ ನಡುವಿನಿಂದ ಒಂದು ತುಂಡನ್ನು ಕತ್ತರಿಸಿ ತೆಗೆದರೆ ಉಳಿದದ್ದಕ್ಕೆ ಏನಾಗುತ್ತದೆ? ಏನೂ ಆಗದಿದ್ದರೆ ಆ ತುಂಡು ಬರೀ ಅಲಂಕಾರ. ಮುಂದೆ ಬರುವುದೆಲ್ಲ ಅರ್ಥ ಕಳೆದುಕೊಂಡರೆ ಅಲ್ಲಿ ಕಟ್ಟಡವಿದೆ.

ಯೆಸ್ ಬ್ಯಾಂಡ್‌ನ 1972ರ ‘ಕ್ಲೋಸ್ ಟು ದಿ ಎಡ್ಜ್’ ಆಲ್ಬಮ್‌ನ ಶೀರ್ಷಿಕೆ ಗೀತೆಯನ್ನೇ ತೆಗೆದುಕೊಳ್ಳಿ. ಹತ್ತೊಂಬತ್ತು ನಿಮಿಷಕ್ಕೆ ತುಸು ಕಡಿಮೆ, ನಾಲ್ಕು ಭಾಗ. ಹಕ್ಕಿಗಳ ಕಲರವ, ಹರಿಯುವ ನೀರಿನ ಸದ್ದು ನಿಧಾನವಾಗಿ ಏರುತ್ತ ಬರುತ್ತವೆ. ಇದ್ದಕ್ಕಿದ್ದಂತೆ ಗಿಟಾರ್, ಬಾಸ್, ಡ್ರಮ್ಸ್ ಮೂರೂ ದಿಕ್ಕಾಪಾಲಾಗಿ ಓಡತೊಡಗುತ್ತವೆ. ಕಂಠಗಳ ಒಂದು ಉದ್ಗಾರ ಅವನ್ನು ತಡೆದು ನಿಲ್ಲಿಸುತ್ತದೆ, ಮತ್ತೆ ಓಟ. ಈ ಗದ್ದಲದ ಮೇಲೆ ಸ್ಟೀವ್ ಹೋವ್‌ನ ಗಿಟಾರ್ ಒಂದು ತಿಳಿಯಾದ ಧಾಟಿಯನ್ನು ತೆರೆದಿಟ್ಟ ನಂತರವೇ ಹಾಡು ಆರಂಭ. ಎರಡನೆಯ ಭಾಗದಲ್ಲಿ ಕಂಠದ ಧಾಟಿ ಬಹುಮಟ್ಟಿಗೆ ಅದೇ, ಆದರೆ ಅದರ ಕೆಳಗೆ ಬಾಸ್ ಮತ್ತು ಡ್ರಮ್ಸ್ ಹಿಡಿದ ಲೆಕ್ಕವೇ ಬೇರೆ. ಕಾಲ ಕೆಳಗಿನ ನೆಲ ಜರುಗಿದ ಹಾಗೆ ಕೇಳಿಸುತ್ತದೆ. ಮೂರನೆಯದರಲ್ಲಿ ವೇಗವೆಲ್ಲ ಇಳಿದು, ಲಂಡನ್ನಿನ ಚರ್ಚೊಂದರ ನಿಜವಾದ ಪೈಪ್ ಆರ್ಗನ್ ಮೊಳಗುತ್ತದೆ. ನಾಲ್ಕನೆಯದರಲ್ಲಿ ಮೊದಲ ಧಾಟಿ ಮರಳಿ ಬರುತ್ತದೆ, ಈ ಸಲ ತುಂಬು ದನಿಯಲ್ಲಿ. ಮೂರನೆಯ ಭಾಗವನ್ನು ತೆಗೆದುಹಾಕಿ ನೋಡಿ: ಆ ಮರಳುವಿಕೆ ಬರೀ ಪುನರಾವರ್ತನೆಯಾಗುತ್ತದೆ. ಅಷ್ಟು ಹೊತ್ತು ಕಾಯಿಸಿದ್ದರಿಂದಲೇ ಅದಕ್ಕೆ ಆ ಬಲ.

ಅದೇ ಯೆಸ್ ಬ್ಯಾಂಡ್‌ನ ‘ರೌಂಡಬೌಟ್’ ಹಾಡನ್ನು ರೇಡಿಯೋಗಾಗಿ ಕತ್ತರಿಸಿದ್ದರಲ್ಲ? ನಿಮ್ಮ ಪರೀಕ್ಷೆ ಅಲ್ಲೇ ಬಿದ್ದುಹೋಯಿತಲ್ಲ?

ಎಂಟೂವರೆ ನಿಮಿಷದ ಹಾಡನ್ನು ಮೂರೂವರೆ ನಿಮಿಷಕ್ಕೆ ಇಳಿಸಿದರು, ಅದು 1972ರಲ್ಲಿ ಅಮೆರಿಕದ ಪಟ್ಟಿಯಲ್ಲಿ 13ನೇ ಸ್ಥಾನಕ್ಕೂ ಏರಿತು. ಕತ್ತರಿಸಿದ ಮೇಲೂ ಅದು ಒಳ್ಳೆಯ ಪಾಪ್ ಹಾಡೇ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ, ಕಳೆದುಹೋದದ್ದು ಏನೆಂದು ನಿಮಗೇ ತಿಳಿಯುತ್ತದೆ. ಪರೀಕ್ಷೆ ಒರಟು ಎಂದು ಮೊದಲೇ ಹೇಳಿದ್ದೇನೆ.

ಹಾಡು ಉದ್ದವಾಗಿದ್ದರೆ ಸಾಕೇ?

ಸಾಲದು. ಲಿನರ್ಡ್ ಸ್ಕಿನರ್ಡ್‌ನ ‘ಫ್ರೀ ಬರ್ಡ್’ ಒಂಬತ್ತು ನಿಮಿಷ ಇದೆ. ಉತ್ತರಾರ್ಧವೆಲ್ಲ ಗಿಟಾರ್‌ನದೇ ದರ್ಬಾರು. ಅದ್ಭುತವಾದ ಹಾಡು, ಪ್ರೋಗ್ ಮಾತ್ರ ಅಲ್ಲ. ಆ ದರ್ಬಾರನ್ನು ಅರ್ಧಕ್ಕೆ ನಿಲ್ಲಿಸಿದರೂ ಹಾಡಿನ ಆಕಾರ ಕೆಡುವುದಿಲ್ಲ. ಇನ್ನೊಂದು ಕಡೆ ಜೆಂಟಲ್ ಜಯಂಟ್‌ನ ಬಹುತೇಕ ಹಾಡುಗಳು ಐದಾರು ನಿಮಿಷದವು. 1975ರ ‘ಫ್ರೀ ಹ್ಯಾಂಡ್’ ಆಲ್ಬಮ್‌ನ ‘ಆನ್ ರಿಫ್ಲೆಕ್ಷನ್’ನಲ್ಲಿ ನಾಲ್ಕು ಕಂಠಗಳು ಒಂದರ ಹಿಂದೆ ಒಂದು ಬಂದು ಹಳೆಯ ಫ್ಯೂಗ್ ಶೈಲಿಯಲ್ಲಿ ಹೆಣೆದುಕೊಳ್ಳುತ್ತವೆ. ಇಪ್ಪತ್ತು ನಿಮಿಷದ ಎಷ್ಟೋ ಹಾಡುಗಳಿಗಿಂತ ಅದರಲ್ಲಿ ಕಟ್ಟುವ ಕೆಲಸ ಹೆಚ್ಚಿದೆ.

ವಿಚಿತ್ರ ತಾಳ ಇದ್ದರೆ?

ಇಂಗ್ಲಿಷ್ ಶ್ರೋತೃಗಳು ಈ ವಿಷಯದಲ್ಲಿ ತುಂಬ ಬೆರಗುಪಡುತ್ತಾರೆ. ನಾಲ್ಕು ಮಾತ್ರೆಯ ನಡೆಗೆ ಒಗ್ಗಿದ ಕಿವಿಗೆ ಏಳು ಎಂದರೆ ಸಾಹಸ. ಮಿಶ್ರಛಾಪು, ಖಂಡಛಾಪು ಕೇಳಿಕೊಂಡು ಬೆಳೆದವರಿಗೆ ಅದರಲ್ಲಿ ಪವಾಡವೇನೂ ಕಾಣುವುದಿಲ್ಲ. ಸಂಗೀತ ಪಾಠಕ್ಕೆ ಹೋಗುವ ಮಗುವೂ ಏಳನ್ನು ಕೈಯಲ್ಲಿ ಎಣಿಸುತ್ತದೆ. ಹಾಗಾಗಿ ಈ ಒಂದು ವಿಷಯದಲ್ಲಿ ನಮ್ಮ ಕಡೆಯ ಕೇಳುಗರು ಸುಲಭವಾಗಿ ಮೋಸಹೋಗಬಾರದು.

ಪಿಂಕ್ ಫ್ಲಾಯ್ಡ್‌ನ ‘ಮನಿ’ ಏಳರಲ್ಲಿದೆ. ಗಿಟಾರ್ ಸೋಲೋ ಬಂದಾಗ ನಾಲ್ಕಕ್ಕೆ ತಿರುಗಿ, ಆಮೇಲೆ ಏಳಕ್ಕೆ ಮರಳುತ್ತದೆ. ಅಷ್ಟಾದರೂ ಅದು ಹೃದಯದಲ್ಲಿ ಬ್ಲೂಸ್ ಹಾಡು. ಇನ್ನೂ ಮಜವಾದ ಉದಾಹರಣೆ ಜೆನೆಸಿಸ್‌ನ ‘ಟರ್ನ್ ಇಟ್ ಆನ್ ಅಗೇನ್’. 1980ರಲ್ಲಿ ಬ್ರಿಟನ್ನಿನ ಮೊದಲ ಹತ್ತರೊಳಗೆ ಬಂದ ಜನಪ್ರಿಯ ಹಾಡು. ಅದರ ಮುಖ್ಯ ನಡೆ ಹದಿಮೂರು. ಕುಣಿಯಲು ಹೊರಟವರ ಕಾಲು ಪ್ರತಿ ಸುತ್ತಿಗೂ ತಪ್ಪುತ್ತದೆ, ಯಾಕೆಂದು ಅವರಿಗೆ ಗೊತ್ತಾಗುವುದಿಲ್ಲ. ಹದಿಮೂರು ಮಾತ್ರೆ ಇದ್ದೂ ಅದು ಪಾಪ್ ಹಾಡು. ತಾಳ ಸಾಕ್ಷಿಯಾಗಬಹುದು, ತೀರ್ಪಾಗದು.

ಮೆಲೋಟ್ರಾನ್ ಕೇಳಿಸಿದರೆ ಪ್ರೋಗ್ ಎನ್ನಬಹುದೇ?

ಮೆಲೋಟ್ರಾನ್ ಎಂದರೆ ಟೇಪ್‌ಗಳಿಂದ ನುಡಿಯುವ ಕೀಬೋರ್ಡ್. ಒಂದೊಂದು ಕೀಲಿಯ ಕೆಳಗೂ ಒಂದೊಂದು ಟೇಪ್ ತುಂಡು. ಅದರಲ್ಲಿ ಪಿಟೀಲು, ಕೊಳಲು ಅಥವಾ ವೃಂದಗಾನದ ಒಂದು ಸ್ವರ ಮೊದಲೇ ಧ್ವನಿಮುದ್ರಿತವಾಗಿರುತ್ತದೆ. ಕೀಲಿ ಒತ್ತಿದರೆ ಟೇಪ್ ಓಡುತ್ತದೆ, ಎಂಟು ಸೆಕೆಂಡಿಗೆ ಮುಗಿಯುತ್ತದೆ. ಬೆರಳೆತ್ತಿದರೆ ಹಿಂದಕ್ಕೆ ಹೋಗುತ್ತದೆ. ಅಂದರೆ ಎಷ್ಟು ಹೊತ್ತು ಬೇಕಾದರೂ ಒಂದೇ ಸ್ವರ ಹಿಡಿದುಕೊಂಡು ಕೂರುವಂತಿಲ್ಲ. ಬರ್ಮಿಂಗ್‌ಹ್ಯಾಮ್‌ನ ಈ ಯಂತ್ರ ವೇದಿಕೆಯ ಶಾಖ, ಸಾಗಾಟದ ಕುಲುಕಾಟಕ್ಕೆ ಶ್ರುತಿ ತಪ್ಪುವುದರಲ್ಲಿ ಹೆಸರುವಾಸಿ. ಆ ತುಸು ಅಲುಗುವ, ತುಸು ಹಳಸಿದ ಪಿಟೀಲಿನ ಮೋಡವೇ 1970ರ ದಶಕದ ಪ್ರೋಗ್‌ನ ಗುರುತಾಯಿತು.

ಆದರೆ ಅದನ್ನು ಬೀಟಲ್ಸ್ ಬಳಸಿದರು, ರೇಡಿಯೋಹೆಡ್ ಬಳಸಿತು. ಕಿಂಗ್ ಕ್ರಿಮ್ಸನ್ 1981ರ ‘ಡಿಸಿಪ್ಲಿನ್’ನಲ್ಲಿ ಅದನ್ನು ಪೂರ್ತಿ ಬಿಟ್ಟೇಬಿಟ್ಟಿತು, ಎರಡು ಗಿಟಾರ್‌ಗಳು ಇಂಡೊನೇಷ್ಯಾದ ಗ್ಯಾಮೆಲಾನ್ ವಾದ್ಯವೃಂದದ ಹಾಗೆ ಒಂದರೊಳಗೊಂದು ಹಲ್ಲು ಕೂಡಿಸಿಕೊಂಡು ತಿರುಗುತ್ತವೆ. ನನ್ನ ಮಟ್ಟಿಗೆ ಅದು ಆ ದಶಕದ ಅತಿ ಮುಖ್ಯ ಪ್ರೋಗ್ ಆಲ್ಬಮ್.

ಆಲ್ಬಮ್ ಪೂರ್ತಿ ಒಂದೇ ಕಥೆ ಇದ್ದರೆ?

ಇದಕ್ಕೆ ಜೆಥ್ರೋ ಟಲ್ ಕೊಟ್ಟ ಉತ್ತರಕ್ಕಿಂತ ಒಳ್ಳೆಯ ಉತ್ತರ ಇಲ್ಲ. 1971ರ ‘ಆಕ್ವಲಂಗ್’ ಬಂದಾಗ ವಿಮರ್ಶಕರು ಅದನ್ನು ಕಾನ್ಸೆಪ್ಟ್ ಆಲ್ಬಮ್ ಎಂದು ಕರೆದರು. ಬ್ಯಾಂಡ್‌ನ ಮುಂದಾಳು ಇಯಾನ್ ಆ್ಯಂಡರ್ಸನ್ ಅಲ್ಲವೆಂದರೂ ಯಾರೂ ಕೇಳಲಿಲ್ಲ. ಹಾಗಾದರೆ ತೆಗೆದುಕೊಳ್ಳಿ ಎಂದು 1972ರಲ್ಲಿ ‘ಥಿಕ್ ಆ್ಯಸ್ ಎ ಬ್ರಿಕ್’ ಮಾಡಿದ: ಎಲ್‌ಪಿ ತಟ್ಟೆಯ ಎರಡೂ ಬದಿಗೆ ಹರಡಿದ, ನಲವತ್ತು ನಿಮಿಷ ದಾಟುವ ಒಂದೇ ಹಾಡು. ಸಾಹಿತ್ಯ ಎಂಟು ವರ್ಷದ ಜೆರಾಲ್ಡ್ ಬಾಸ್ಟಾಕ್ ಎಂಬ ಹುಡುಗನದೆಂದು ಪ್ರಚಾರ. ಅಂಥ ಹುಡುಗನೇ ಇರಲಿಲ್ಲ. ಹೊದಿಕೆಯಂತೂ ಒಂದು ಹಳ್ಳಿ ಪತ್ರಿಕೆ, ಮಡಿಸಿದ ಪುಟಗಳು, ಸ್ಥಳೀಯ ಸುದ್ದಿ, ಜಾಹೀರಾತುಗಳ ಸಮೇತ. ಪ್ರೋಗ್ ಬ್ಯಾಂಡ್‌ಗಳ ಆಡಂಬರವನ್ನು ಅಣಕಿಸಲು ಹೊರಟ ಆ ಆಲ್ಬಮ್ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು, ಇವತ್ತಿಗೂ ಈ ಪ್ರಕಾರದ ಶ್ರೇಷ್ಠ ಕೃತಿಗಳಲ್ಲಿ ಒಂದೆನಿಸಿಕೊಂಡಿದೆ. ಅಣಕವಾದರೂ ಅದನ್ನು ಕಟ್ಟಿದ ರೀತಿ ಅಪ್ಪಟವಾಗಿತ್ತು, ಅಷ್ಟೇ.

ಅಣಕವಿಲ್ಲದೆ ಹೊರಟವರೂ ಇದ್ದರು. ಯೆಸ್ ಬ್ಯಾಂಡ್‌ನ ಜಾನ್ ಆ್ಯಂಡರ್ಸನ್ ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿ ಓದಿ, ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬ ನಾಲ್ಕು ವಿಭಾಗಗಳಿಗೆ ಒಂದೊಂದರಂತೆ ನಾಲ್ಕು ಬದಿಗಳ ‘ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಶನ್ಸ್’ಗೆ ಯೋಜನೆ ಹಾಕಿದ. ಅದು 1973ರಲ್ಲಿ ಬಂತು. ಅಡಿಟಿಪ್ಪಣಿ ಓದಿ ಎಂಬತ್ತು ನಿಮಿಷ ಹಾಡಿದವರು ಇನ್ನೊಬ್ಬರಿಲ್ಲ. ಕೀಬೋರ್ಡ್ ವಾದಕ ರಿಕ್ ವೇಕ್‌ಮನ್‌ಗೆ ಅದು ಎಷ್ಟು ಬೇಸರ ತಂದಿತೆಂದರೆ, ಒಂದು ಕಛೇರಿಯ ನಡುವೆ ವೇದಿಕೆಯ ಮೇಲೆಯೇ ಕರಿ ಊಟ ತರಿಸಿಕೊಂಡು ತಿಂದದ್ದನ್ನು ಅವನೇ ಹೇಳಿಕೊಳ್ಳುತ್ತಾನೆ. ಮರುವರ್ಷ ಬ್ಯಾಂಡ್ ಬಿಟ್ಟ. ಆಲ್ಬಮ್ ಪ್ರೋಗ್ ಹೌದೇ? ನೂರಕ್ಕೆ ನೂರು. ಚೆನ್ನಾಗಿದೆಯೇ? ಅದು ಬೇರೆ ಪ್ರಶ್ನೆ. ಪ್ರೋಗ್ ಎನ್ನುವುದು ಮೆಚ್ಚುಗೆಯ ಪದಕವಲ್ಲ.

ಪಿಂಕ್ ಫ್ಲಾಯ್ಡ್ ಪ್ರೋಗ್ ಹೌದೋ ಅಲ್ಲವೋ? ಒಂದೇ ಮಾತಿನಲ್ಲಿ ಹೇಳಿ.

ಹೌದು.

ಎರಡನೇ ಮಾತಿಗೆ ಅವಕಾಶ ಕೊಟ್ಟರೆ: ಅಲ್ಲ ಎನ್ನುವವರ ವಾದದಲ್ಲೂ ಹುರುಳಿದೆ. ಅವರ ನಡೆ ನಿಧಾನ, ಬೇರು ಬ್ಲೂಸ್‌ನಲ್ಲಿ, ಯೆಸ್ ಅಥವಾ ಎಮರ್ಸನ್ ತಂಡದವರಂಥ ಬೆರಳ ಚಳಕ ಅವರಲ್ಲಿಲ್ಲ. ಆದರೆ ಚಳಕವೂ ಅಲಂಕಾರವೇ. 1971ರ ‘ಮೆಡಲ್’ ಆಲ್ಬಮ್‌ನ ‘ಎಕೋಸ್’ ಕೇಳಿ. ತಿರುಗುವ ಸ್ಪೀಕರ್ ಮೂಲಕ ಹಾಯಿಸಿದ ಪಿಯಾನೋದ ಒಂದೇ ಸ್ವರ, ನೀರಿನೊಳಗೆ ಹನಿ ಬಿದ್ದಂತೆ. ಇಪ್ಪತ್ಮೂರು ನಿಮಿಷಗಳ ಆ ರಚನೆ ಹಾಡಾಗಿ ಬೆಳೆಯುತ್ತದೆ, ನಡುವೆ ರಾಗ ತಾಳ ಎರಡನ್ನೂ ಬಿಟ್ಟು ಬರೀ ಗಾಳಿ ಮತ್ತು ಚೀತ್ಕಾರವಾಗುತ್ತದೆ, ಆ ಕತ್ತಲಿನಿಂದ ಅದೇ ಒಂದು ಸ್ವರ ಮತ್ತೆ ಹೊರಬರುತ್ತದೆ. ನನ್ನ ಪರೀಕ್ಷೆಯಲ್ಲಿ ಇದಕ್ಕೆ ಪೂರ್ಣಾಂಕ.

ಜೆನೆಸಿಸ್ ಕೊನೆಗೆ ಪಾಪ್ ಬ್ಯಾಂಡ್ ಆಯಿತಲ್ಲ? ಅದನ್ನು ಪಟ್ಟಿಯಿಂದ ತೆಗೆಯಬೇಕೇ?

ಬ್ಯಾಂಡ್‌ಗೆ ತೀರ್ಪು ಕೊಡಬೇಡಿ ಎಂದದ್ದು ಇದಕ್ಕೇ. ಚಾರ್ಟರ್‌ಹೌಸ್ ಎಂಬ ಶಾಲೆಯ ಹುಡುಗರು 1967ರಲ್ಲಿ ಕಟ್ಟಿದ ತಂಡ. 1972ರ ‘ಫಾಕ್ಸ್‌ಟ್ರಾಟ್’ನಲ್ಲಿ ಏಳು ಭಾಗಗಳ, ಇಪ್ಪತ್ಮೂರು ನಿಮಿಷಗಳ ‘ಸಪ್ಪರ್ಸ್ ರೆಡಿ’. ಗಾಯಕ ಪೀಟರ್ ಗೇಬ್ರಿಯಲ್ 1975ರಲ್ಲಿ ಹೊರಟುಹೋದ, ಗಿಟಾರ್ ವಾದಕ ಸ್ಟೀವ್ ಹ್ಯಾಕೆಟ್ 1977ರಲ್ಲಿ. ಉಳಿದ ಮೂವರು ಹಂತಹಂತವಾಗಿ ಹಾಡುಗಳನ್ನು ಚಿಕ್ಕದು ಮಾಡುತ್ತ ಬಂದರು. 1986ರ ‘ಇನ್‌ವಿಸಿಬಲ್ ಟಚ್’ನ ಶೀರ್ಷಿಕೆ ಗೀತೆ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು.

ಹಳೆಯ ಅಭಿಮಾನಿಗಳು ಗೇಬ್ರಿಯಲ್ ಬಾಗಿಲು ದಾಟಿದ ದಿನವೇ ಎಲ್ಲ ಮುಗಿಯಿತೆಂದು ಹೇಳುತ್ತಾರೆ. ಅದು ಸುಳ್ಳು. 1976ರಲ್ಲಿ ಬಂದ ಎರಡು ಆಲ್ಬಮ್‌ಗಳೂ ಅಪ್ಪಟ ಪ್ರೋಗ್, ಎರಡರಲ್ಲೂ ಹಾಡಿದವನು ಫಿಲ್ ಕಾಲಿನ್ಸ್. ಪಾಪ್ ಎಂದು ಮೂಗು ಮುರಿಯುವ ಆ 1986ರ ಆಲ್ಬಮ್‌ನಲ್ಲೂ ‘ಡೊಮಿನೊ’ ಎಂಬ ಎರಡು ಭಾಗಗಳ, ಹತ್ತು ನಿಮಿಷ ದಾಟುವ ರಚನೆ ಇದೆ; ಅದನ್ನು ಕೇಳದೆಯೇ ಬೈಯುವವರು ಬಹಳ. ಯೆಸ್ ವಿಷಯದಲ್ಲೂ ಇದೇ ಲೆಕ್ಕ. 1983ರ ‘90125’ ಚೊಕ್ಕ ಪಾಪ್ ರಾಕ್. ಅದರ ಬಹುಖ್ಯಾತ ಹಾಡು ಅಮೆರಿಕದಲ್ಲಿ ಯೆಸ್‌ಗೆ ಸಿಕ್ಕ ಏಕೈಕ ಮೊದಲ ಸ್ಥಾನ. ಆ ಆಲ್ಬಮ್ ಹೊರಗಿಡಿ, ಬ್ಯಾಂಡ್ ಒಳಗೇ ಇರಲಿ.

ಸದಸ್ಯರೆಲ್ಲ ಪ್ರೋಗ್ ಬ್ಯಾಂಡ್‌ಗಳಿಂದ ಬಂದವರಾದರೆ?

ಕುಲ ನೋಡಿ ತೀರ್ಮಾನಿಸಬೇಡಿ. 1982ರಲ್ಲಿ ಏಷ್ಯಾ ಎಂಬ ಬ್ಯಾಂಡ್ ಬಂತು. ಗಿಟಾರ್ ಯೆಸ್‌ನ ಸ್ಟೀವ್ ಹೋವ್, ಡ್ರಮ್ಸ್ ಎಮರ್ಸನ್ ತಂಡದ ಕಾರ್ಲ್ ಪಾಮರ್, ಬಾಸ್ ಮತ್ತು ಕಂಠ ಕಿಂಗ್ ಕ್ರಿಮ್ಸನ್‌ನಲ್ಲಿದ್ದ ಜಾನ್ ವೆಟನ್, ಕೀಬೋರ್ಡ್ ಸ್ವಲ್ಪ ಕಾಲ ಯೆಸ್‌ನಲ್ಲೂ ಇದ್ದ ಜೆಫ್ ಡೌನ್ಸ್. ಹೊದಿಕೆ ಚಿತ್ರ ಕೂಡ ಯೆಸ್ ಆಲ್ಬಮ್‌ಗಳ ಕಲಾವಿದ ರೋಜರ್ ಡೀನ್‌ನದೇ. ಇಷ್ಟೆಲ್ಲ ಇದ್ದು ಒಳಗಿದ್ದದ್ದು ರೇಡಿಯೋಗೆಂದೇ ಅಚ್ಚುಕಟ್ಟಾಗಿ ಮಾಡಿದ ನಾಲ್ಕು ನಿಮಿಷದ ಹಾಡುಗಳು. ಚೆನ್ನಾಗಿ ಮಾರಾಟವಾಯಿತು, ಸಂತೋಷ. ಪ್ರೋಗ್ ಅಲ್ಲ.

ಕ್ವೀನ್? ಡೀಪ್ ಪರ್ಪಲ್? ಲೆಡ್ ಜೆಪ್ಪೆಲಿನ್?

‘ಬೊಹಿಮಿಯನ್ ರಾಪ್ಸೊಡಿ’ (1975) ಆರೇ ನಿಮಿಷದೊಳಗೆ ನಾಲ್ಕು ಬೇರೆ ಬೇರೆ ಲೋಕ ಸುತ್ತಿಸಿ, ಮೊದಲಿನ ಮೆಲುದನಿಗೇ ತಂದು ಬಿಡುತ್ತದೆ. ಎಲ್ಲಿ ಕತ್ತರಿಸಿದರೂ ಗಾಯವೇ. ಆ ಹಾಡು ಪ್ರೋಗ್. 1974ರ ‘ಕ್ವೀನ್ II’ ಆಲ್ಬಮ್ ಕೂಡ ಬಹುಪಾಲು ಪ್ರೋಗ್. ಅಲ್ಲಿಗೆ ನಿಲ್ಲಿಸಿ. ಡೀಪ್ ಪರ್ಪಲ್‌ನ ಜಾನ್ ಲಾರ್ಡ್ 1969ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಜೊತೆ ತನ್ನ ಕನ್ಚೆರ್ಟೊ ನುಡಿಸಿದ, ಮರುವರ್ಷವೇ ಬ್ಯಾಂಡ್ ಭಾರಿ ರಾಕ್‌ನ ದಾರಿ ಹಿಡಿಯಿತು. ಜೆಪ್ಪೆಲಿನ್ ಅಭಿಮಾನಿಗಳಿಗೆ ತಮ್ಮ ಬ್ಯಾಂಡ್ ಪ್ರೋಗ್ ಎನಿಸಿಕೊಳ್ಳಬೇಕೆಂಬ ಆಸೆಯೇ ಇಲ್ಲ. ಅವರನ್ನು ಅವರ ಪಾಡಿಗೆ ಬಿಡೋಣ.

ಬ್ಯಾಂಡ್‌ನವರೇ ‘ನಾವು ಪ್ರೋಗ್ ಅಲ್ಲ’ ಎಂದರೆ?

ಕೇಳಿಸಿಕೊಳ್ಳಿ, ಒಪ್ಪಲೇಬೇಕೆಂದಿಲ್ಲ. 1980–90ರ ದಶಕಗಳಲ್ಲಿ ಬ್ರಿಟನ್ನಿನ ಸಂಗೀತ ಪತ್ರಿಕೆಗಳಲ್ಲಿ ಪ್ರೋಗ್ ಎಂಬುದು ಬೈಗುಳವೇ ಆಗಿತ್ತು; ಆ ಹಣೆಪಟ್ಟಿ ಅಂಟಿಸಿಕೊಳ್ಳಲು ಯಾರು ತಾನೆ ಮುಂದೆ ಬರುತ್ತಾರೆ? ರೇಡಿಯೋಹೆಡ್‌ನವರು ಅದನ್ನು ದೂರ ತಳ್ಳುತ್ತಲೇ ಬಂದಿದ್ದಾರೆ. ಆದರೆ 1997ರ ‘ಓಕೆ ಕಂಪ್ಯೂಟರ್’ನ ‘ಪ್ಯಾರನಾಯ್ಡ್ ಆ್ಯಂಡ್ರಾಯ್ಡ್’ ಆರೂಕಾಲು ನಿಮಿಷದಲ್ಲಿ ಹೊಸ ಹೊಸ ಭಾಗಗಳಿಗೆ ತಿರುಗುತ್ತ ಹೋಗುತ್ತದೆ, ಹಿಂದೆ ಕೇಳಿದ್ದನ್ನು ಕೊನೆಗೆ ಬೇರೆ ಆವೇಶದಲ್ಲಿ ಎತ್ತಿಕೊಳ್ಳುತ್ತದೆ. ಆ ಆಲ್ಬಮ್‌ನ ಮಟ್ಟಿಗೆ ನನ್ನ ಉತ್ತರ: ಅವರು ಏನೇ ಹೇಳಲಿ, ಪಕ್ಕದ ಮನೆಯವರೇ.

ಮಾತು ಬಂತೆಂದು ಹೇಳುತ್ತೇನೆ. ಪಂಕ್ ಎಂಬ ಒರಟು, ಸರಳ ರಾಕ್ ಬಂದು ಪ್ರೋಗ್ ಅನ್ನು ಕೊಂದಿತು ಎಂಬ ಕಥೆ ಎಲ್ಲರಿಗೂ ಗೊತ್ತು. ಆದರೆ ಪಂಕ್ ಬ್ಯಾಂಡ್ ಸೆಕ್ಸ್ ಪಿಸ್ಟಲ್ಸ್‌ನ ಗಾಯಕ ಜಾನಿ ರಾಟನ್ 1977ರಲ್ಲಿ ಲಂಡನ್ನಿನ ಕ್ಯಾಪಿಟಲ್ ರೇಡಿಯೋದಲ್ಲಿ ತನಗಿಷ್ಟವಾದ ಹಾಡುಗಳನ್ನು ಹಾಕಿದಾಗ ಅದರಲ್ಲಿ ವ್ಯಾನ್ ಡರ್ ಗ್ರಾಫ್ ಜನರೇಟರ್‌ನ ಪೀಟರ್ ಹ್ಯಾಮಿಲ್‌ನ ಹಾಡುಗಳೂ ಇದ್ದವು.

ಮೆಟಲ್ ಬ್ಯಾಂಡ್‌ಗಳನ್ನು ಸೇರಿಸಿಕೊಳ್ಳಬೇಕೇ?

ಕೆನಡಾದ ರಷ್ ಈ ಎರಡರ ನಡುವಿನ ಸೇತುವೆ. 1974ರ ಮೊದಲ ಆಲ್ಬಮ್ ನೇರ ಜೆಪ್ಪೆಲಿನ್ ದಾರಿಯದು. ಡ್ರಮ್ಸ್ ವಾದಕ ನೀಲ್ ಪಿಯರ್ಟ್ ಸೇರಿದ ಮೇಲೆ ದಿಕ್ಕು ಬದಲಾಗಿ, 1976ರ ‘2112’ನಲ್ಲಿ ಇಡೀ ಒಂದು ಬದಿ ಒಂದೇ ರಚನೆಯಾಯಿತು. ಅಲ್ಲಿಂದ ಡ್ರೀಮ್ ಥಿಯೇಟರ್‌ಗೆ ಒಂದೇ ಹೆಜ್ಜೆ. ಅವರ 1992ರ ‘ಇಮೇಜಸ್ ಆ್ಯಂಡ್ ವರ್ಡ್ಸ್’ ಪ್ರೋಗ್ರೆಸಿವ್ ಮೆಟಲ್‌ನ ಬಾಲಪಾಠ. ಡ್ರೀಮ್ ಥಿಯೇಟರ್ ಬಗ್ಗೆ ನನ್ನ ದೂರು ಒಂದೇ: ಎಷ್ಟೋ ಕಡೆ ನಡುವಿನ ಓಟದ ಭಾಗಗಳನ್ನು ಅದಲು ಬದಲು ಮಾಡಿದರೂ ಯಾರಿಗೂ ತಿಳಿಯದು. ಸ್ವೀಡನ್ನಿನ ಓಪೆತ್ ಹಾಗಲ್ಲ. ಘರ್ಜನೆಯ ಕಂಠವಿದ್ದ ಕಾಲದಲ್ಲೂ ಅವರ ಹಾಡುಗಳಿಗೆ ಒಳ್ಳೆಯ ಬೆನ್ನೆಲುಬಿತ್ತು. 2011ರ ‘ಹೆರಿಟೇಜ್’ನಲ್ಲಿ ಘರ್ಜನೆ ಪೂರ್ತಿ ಬಿಟ್ಟು 1970ರ ದಶಕಕ್ಕೇ ಹೋಗಿ ಕೂತರು. ಅಮೆರಿಕದ ಮೆಟಲ್ ಬ್ಯಾಂಡ್ ಟೂಲ್ 2001ರಲ್ಲಿ ತನ್ನ ಪ್ರವಾಸದ ಕೆಲವು ಕಛೇರಿಗಳಿಗೆ ಕಿಂಗ್ ಕ್ರಿಮ್ಸನ್ ಅನ್ನು ಜೊತೆಗೆ ಕರೆದೊಯ್ದಿತು. ಋಣ ಎಲ್ಲಿಯದೆಂದು ಅವರಿಗೆ ಗೊತ್ತಿತ್ತು.

ಹಳೆಯ ಶೈಲಿಯನ್ನೇ ಅನುಕರಿಸುವ ಬ್ಯಾಂಡ್‌ಗಳು?

ಇಲ್ಲಿ ಕೇಳುಗರಲ್ಲಿ ಎರಡು ಪಕ್ಷ. ಪ್ರೋಗ್ ಎಂದರೆ ಒಂದು ಶೈಲಿ, ಯಾರು ಯಾವಾಗ ಬೇಕಾದರೂ ನುಡಿಸಬಹುದು ಎನ್ನುವವರು ಒಂದು ಕಡೆ. ಅದು ಒಂದು ಧೋರಣೆ, ಹೊಸದನ್ನು ಹುಡುಕುವುದು ನಿಂತ ಕೂಡಲೇ ಅದು ಪ್ರೋಗ್ ಅಲ್ಲ ಎನ್ನುವವರು ಇನ್ನೊಂದು ಕಡೆ. ಎರಡನೆಯವರ ಮಾತು ಕೇಳಲು ಚೆಂದ, ಆದರೆ ಅದನ್ನು ಒಪ್ಪಿದರೆ ಹೊಸದನ್ನು ಮಾಡಿದ ಎಲ್ಲರನ್ನೂ ಒಳಗೆ ಬಿಡಬೇಕಾಗುತ್ತದೆ, ಜರ್ಮನಿಯ ಎಲೆಕ್ಟ್ರಾನಿಕ್ ತಂಡ ಕ್ರಾಫ್ಟ್‌ವರ್ಕ್‌ನಿಂದ ಹಿಡಿದು ಯಾರನ್ನು ಬೇಕಾದರೂ. ಪಟ್ಟಿಗೆ ಆಗ ಅರ್ಥವೇ ಉಳಿಯುವುದಿಲ್ಲ. ನಾನು ಮೊದಲ ಪಕ್ಷ, ಸ್ವಲ್ಪ ಹೊಟ್ಟೆನೋವಿನೊಂದಿಗೆ.

ಮಾರಿಲಿಯನ್ 1983ರಲ್ಲಿ ಬಂದಾಗ ಜೆನೆಸಿಸ್‌ನ ನಕಲು ಎಂದು ಗೇಲಿ ಮಾಡಿದರು. ಮೊದಮೊದಲು ಅದರಲ್ಲಿ ಸತ್ಯವೂ ಇತ್ತು. 1985ರ ‘ಮಿಸ್‌ಪ್ಲೇಸ್ಡ್ ಚೈಲ್ಡ್‌ಹುಡ್’ ಹೊತ್ತಿಗೆ ಅದು ಅವರದೇ ದನಿ, ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಬೇರೆ. ಆ ದಶಕದಲ್ಲಿ ಹಾಗೆ ಆಗುತ್ತದೆಂದು ಯಾರೂ ಪಣ ಕಟ್ಟುತ್ತಿರಲಿಲ್ಲ. ಸ್ವೀಡನ್ನಿನ ಆಂಗ್ಲಗೋರ್ಡ್ 1992ರ ‘ಹೈಬ್ರಿಸ್’ನಲ್ಲಿ ಇಪ್ಪತ್ತು ವರ್ಷ ಹಿಂದಿನ ವಾದ್ಯಗಳನ್ನೇ ಹಿಡಿದು ನುಡಿಸಿತು. ಮಾಡಿದ್ದು ಹಳೆಯದೇ, ಆದರೆ ಹಳಬರಲ್ಲಿ ಅರ್ಧ ಜನಕ್ಕಿಂತ ಚೆನ್ನಾಗಿ.

ಬ್ರಿಟನ್ನಿನ ಹೊರಗೆ?

ಇಟಲಿಯನ್ನು ಮರೆತ ಪಟ್ಟಿ ಪಟ್ಟಿಯೇ ಅಲ್ಲ. ಪಿಎಫ್ಎಂ (ಪ್ರೆಮಿಯಾಟಾ ಫೊರ್ನೆರಿಯಾ ಮಾರ್ಕೋನಿ), ಬಾಂಕೊ ಡೆಲ್ ಮುಟುವೊ ಸೊಕೊರ್ಸೊ, ಲೆ ಓರ್ಮೆ ಮೂರನ್ನೂ ಕಣ್ಣು ಮುಚ್ಚಿಕೊಂಡು ಸೇರಿಸಿ. ವ್ಯಾನ್ ಡರ್ ಗ್ರಾಫ್‌ನ ‘ಪಾನ್ ಹಾರ್ಟ್ಸ್’ (1971) ತಾಯ್ನಾಡಿನಲ್ಲಿ ಯಾರಿಗೂ ಬೇಡವಾಗಿದ್ದಾಗ ಇಟಲಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಫ್ರಾನ್ಸಿನ ಮಾಗ್ಮಾ ಬ್ಯಾಂಡ್‌ನ ಕ್ರಿಸ್ಟಿಯನ್ ವಾಂಡರ್ ತಾನೇ ಸೃಷ್ಟಿಸಿದ ಕೊಬಾಯನ್ ಭಾಷೆಯಲ್ಲಿ ಹಾಡುಗಳನ್ನು ಬರೆದ. ಒಂದು ಮಾತೂ ಅರ್ಥವಾಗದು, ಮೈ ಜುಮ್ಮೆನ್ನುವುದು ತಪ್ಪದು. ಜರ್ಮನಿಯದು ಜಟಿಲ. ಕ್ಯಾನ್, ನೋಯ್ ಬ್ಯಾಂಡ್‌ಗಳು ಒಂದೇ ನಡೆಯನ್ನು ಹಿಡಿದು ಅದರೊಳಗೇ ಮುಳುಗುತ್ತವೆ; ಕಟ್ಟುವುದಕ್ಕಿಂತ ಕರಗುವುದು ಅವರ ದಾರಿ. ಅವರನ್ನು ನಾನು ಹೊರಗಿಡುತ್ತೇನೆ, ಗೌರವದಿಂದಲೇ. ಇಂಗ್ಲೆಂಡಿನ ಕ್ಯಾಂಟರ್ಬರಿಯ ಕಡೆಯಿಂದ ಬಂದ ಕ್ಯಾರವಾನ್, ಸಾಫ್ಟ್ ಮಷೀನ್ ಒಳಗೆ. ಸಾಫ್ಟ್ ಮಷೀನ್‌ನ 1970ರ ಮೂರನೇ ಆಲ್ಬಮ್‌ನಲ್ಲಿ ನಾಲ್ಕು ಬದಿ, ನಾಲ್ಕೇ ರಚನೆ. ಆಮೇಲಾಮೇಲೆ ಅವರು ಪೂರ್ತಿ ಜಾಝ್‌ಗೆ ಹೊರಟುಹೋದರು.

ಮಹಾವಿಷ್ಣು ಆರ್ಕೆಸ್ಟ್ರಾ? ಹೆಸರು ನೋಡಿದರೆ ನಮ್ಮವರೇ ಅನ್ನಿಸುತ್ತದೆ.

ಹೆಸರು ಕೊಟ್ಟದ್ದು ಆಧ್ಯಾತ್ಮಿಕ ಗುರು ಶ್ರೀ ಚಿನ್ಮಯ್. ಕಟ್ಟಿದ್ದು ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಹುಟ್ಟಿದ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್. 1971ರ ಮೊದಲ ಆಲ್ಬಮ್‌ನಿಂದಲೇ ಭಾರತೀಯ ತಾಳಗಳ ಪ್ರಭಾವ ಎದ್ದು ಕಾಣುತ್ತದೆ. ಆದರೆ ಅಲ್ಲಿ ಪ್ರಧಾನವಾದದ್ದು ಮನೋಧರ್ಮ, ವಾದಕರ ಸವಾಲು ಜವಾಬು. ಅದು ಜಾಝ್‌ಗೆ ರಾಕ್ ಬೆರೆಸಿದ ಜಾಝ್ ಫ್ಯೂಷನ್‌ನ ಮನೆತನ. ಪ್ರೋಗ್ ಜೊತೆ ಬೀಗತನ ಇದೆ, ಅಷ್ಟೇ.

ಬೆಂಗಳೂರಿನ ಅಗಂ?

ತಮ್ಮದು ಕರ್ನಾಟಿಕ್ ಪ್ರೋಗ್ರೆಸಿವ್ ರಾಕ್ ಎಂದು ಅವರೇ ಹೇಳಿಕೊಳ್ಳುತ್ತಾರೆ. ಹರೀಶ್ ಶಿವರಾಮಕೃಷ್ಣನ್ ಕಂಠ, ಮೊದಲ ಆಲ್ಬಮ್ 2012ರಲ್ಲಿ. ‘ರಂಗಪುರ ವಿಹಾರ’ದಂಥ ದೀಕ್ಷಿತರ ಕೃತಿಗೆ ಡ್ರಮ್ಸ್ ಗಿಟಾರ್ ಕೂಡಿಸಿದರೆ ಅದು ಪ್ರೋಗ್ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅದೇ ಪ್ರಶ್ನೆಯನ್ನು ಎಮರ್ಸನ್ ಲೇಕ್ ಆ್ಯಂಡ್ ಪಾಮರ್‌ಗೂ ಕೇಳಬೇಕು. ಮುಸೋರ್ಗ್‌ಸ್ಕಿಯ ‘ಪಿಕ್ಚರ್ಸ್ ಆ್ಯಟ್ ಆ್ಯನ್ ಎಕ್ಸಿಬಿಷನ್’ ಅನ್ನು ಅವರು 1971ರಲ್ಲಿ ನ್ಯೂಕ್ಯಾಸಲ್‌ನಲ್ಲಿ ನುಡಿಸಿ ಧ್ವನಿಮುದ್ರಿಸಿದಾಗ ಮೂಲವನ್ನು ಹಾಗೆಯೇ ಒಪ್ಪಿಸಲಿಲ್ಲ. ನಡುವೆ ಗ್ರೆಗ್ ಲೇಕ್‌ನ ಅಕೂಸ್ಟಿಕ್ ಹಾಡು ಬಂತು, ಬ್ಲೂಸ್ ಬಂತು, ಮೂಲದ ಆಕಾರವೇ ಬದಲಾಯಿತು.

ಅಗಂ ವಿಷಯದಲ್ಲೂ ಅದನ್ನೇ ನೋಡುತ್ತೇನೆ. ಪಲ್ಲವಿ, ಅನುಪಲ್ಲವಿ, ಚರಣದ ಕ್ರಮ ಹಾಗೇ ಉಳಿದು, ಗಿಟಾರ್ ಬರೀ ಹಿಂದೆ ನಿಂತು ಗದ್ದಲ ಮಾಡಿದರೆ ಅದು ಜೋರಾದ ಕೃತಿ, ಬೇರೇನಲ್ಲ. ವಾದ್ಯಗಳು ಕೃತಿಯ ಸಂಗತಿಯೊಂದನ್ನು ಎತ್ತಿಕೊಂಡು ತಮ್ಮದೇ ಭಾಗ ಕಟ್ಟಿ, ಕಂಠ ಮರಳಿ ಬಂದಾಗ ಅದೇ ಸಾಲು ಬೇರೆಯಾಗಿ ಕೇಳಿಸಿದರೆ ಆಗ ಪ್ರೋಗ್. ಅವರಲ್ಲಿ ಎರಡೂ ಬಗೆಯವು ಇವೆ. ಒಳ್ಳೆಯ ದಿನ ಎರಡನೆಯ ಬಗೆ ಹೆಚ್ಚು.

ಒಂಟಿ ಗಾಯಕರನ್ನು ಸೇರಿಸಬಹುದೇ?

ಧಾರಾಳವಾಗಿ. ಕೇಟ್ ಬುಷ್‌ಳ ‘ಹೌಂಡ್ಸ್ ಆಫ್ ಲವ್’ (1985) ಆಲ್ಬಮ್‌ನ ಮೊದಲ ಬದಿ ಪಾಪ್, ಎರಡನೆಯ ಬದಿ ಪ್ರೋಗ್. ರಾತ್ರಿ ಸಮುದ್ರದಲ್ಲಿ ಒಂಟಿಯಾಗಿ ತೇಲುತ್ತಿರುವ ಹೆಂಗಸೊಬ್ಬಳ ಮನಸ್ಸಿನಲ್ಲಿ ಹಾದುಹೋಗುವ ಏಳು ಹಾಡುಗಳು, ಒಂದನ್ನೂ ಸ್ಥಳ ಬದಲಿಸುವಂತಿಲ್ಲ. ಆಲ್ಬಮ್‌ನಿಂದ ಇನ್ನೂ ಒಂದು ಮೆಟ್ಟಿಲು ಇಳಿದು ಬದಿಗೆ ತೀರ್ಪು ಕೊಡಬೇಕಾದ ಸಂದರ್ಭ ಇದು.

ಎಲ್ಲಿಂದ ಕೇಳಲು ಆರಂಭಿಸಲಿ?

ಮೊದಲು ಜೆನೆಸಿಸ್‌ನ 1973ರ ‘ಸೆಲ್ಲಿಂಗ್ ಇಂಗ್ಲೆಂಡ್ ಬೈ ದಿ ಪೌಂಡ್’. ಅದರಲ್ಲಿ ರಾಗಗಳು ನೆನಪಿನಲ್ಲಿ ಉಳಿಯುತ್ತವೆ, ಹೊಸಬರನ್ನು ಬೆದರಿಸುವುದಿಲ್ಲ. ಆಮೇಲೆ ‘ಥಿಕ್ ಆ್ಯಸ್ ಎ ಬ್ರಿಕ್’, ಮುದ್ರಿತ ಹೊದಿಕೆ ಸಿಕ್ಕರೆ ಓದುತ್ತ ಕೇಳಿ. ಅದಾದ ಮೇಲೆ ‘ಕ್ಲೋಸ್ ಟು ದಿ ಎಡ್ಜ್’. ಕಿಂಗ್ ಕ್ರಿಮ್ಸನ್‌ನ 1974ರ ‘ರೆಡ್’ ನಾಲ್ಕನೆಯದಾಗಿ. ಅದರ ಕೊನೆಯ ಹಾಡು ‘ಸ್ಟಾರ್‌ಲೆಸ್’ನ ನಡುಭಾಗದಲ್ಲಿ ರಾಬರ್ಟ್ ಫ್ರಿಪ್‌ನ ಗಿಟಾರ್ ನಿಮಿಷಗಟ್ಟಲೆ ಒಂದೆರಡು ಸ್ವರಗಳನ್ನೇ ಮೀಟುತ್ತ ಇಂಚಿಂಚೇ ಮೇಲೇರುತ್ತದೆ, ಅಲ್ಲಿ ಮುಂದಕ್ಕೆ ಓಡಿಸಬೇಡಿ. ವ್ಯಾನ್ ಡರ್ ಗ್ರಾಫ್‌ಗೆ ಒಂದು ತಿಂಗಳು ಬಿಟ್ಟು ಬನ್ನಿ. ‘ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಶನ್ಸ್’ ಸದ್ಯಕ್ಕೆ ಬೇಡ. ಯಾರಾದರೂ ಒತ್ತಾಯಿಸಿದರೆ ನಾಲ್ಕನೆಯ ಬದಿಯನ್ನು ಮಾತ್ರ ಕೇಳಿ.